ಯಾರೂ ಮುಟ್ಟದ ಹುಲ್ಲು

ನಾನು ಮದುವೆಯಾಗಿ ಸೊರಬದ ಕಡೆಯಿಂದ ಶಿಕಾರಿಪುರದ ಕಡೆಗೆ ಬಂದದ್ದು ನಯಾಪೈಸೆ ಚಾಲ್ತಿಗೆ ಬಂದ ಮರುವರ್ಷ, ಸುಗ್ಗಿ ಮುಗಿದ ಮೇಲೆ. ತವರಿನ ಅಂಗಳಕ್ಕೆ ಇಳಿದರೆ ಚಂದ್ರಗುತ್ತಿಯ ಬೆಟ್ಟ ಕಾಣುತ್ತಿತ್ತು. ಗಾಡಿಯಲ್ಲಿ ಹಿಂದುಮುಂದಾಗಿ ಕೂತು ಆ ಬೆಟ್ಟವನ್ನೇ ನೋಡುತ್ತ ಬಂದೆ. ಅದು ಮೊದಲು ಹಸಿರಾಗಿತ್ತು, ಆಮೇಲೆ ನೀಲಿಯಾಯಿತು, ಆಮೇಲೆ ಮೋಡವೋ ಬೆಟ್ಟವೋ ತಿಳಿಯದಾಯಿತು. ಯಾವ ಗಳಿಗೆಯಲ್ಲಿ ಅದು ಕಾಣದೆ ಹೋಯಿತು ಎಂದು ಈಗಲೂ ಹೇಳಲಾರೆ. ಎತ್ತಿನ ಕೊರಳ ಗಂಟೆಯ ಸದ್ದಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮರಗಳು ದೂರ ದೂರ ಸರಿದಿದ್ದವು, ಬಯಲು ಹರಡಿಕೊಂಡಿತ್ತು, ಆಕಾಶ ದೊಡ್ಡದಾಗಿತ್ತು.

ಗಂಡನ ಊರು ತಾಳಗುಂದಕ್ಕೆ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಮಾವ, ಅತ್ತೆ, ಇವರು, ನಾನು. ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು, ಎಮ್ಮೆ, ಒಂದು ಹಸು. ನನ್ನ ಮಾತು ಅಲ್ಲಿಯವರಿಗೆ ತಮಾಷೆಯಾಗಿತ್ತು. ನಾನು ‘ಎಂತ’ ಎಂದರೆ ನೀರಿಗೆ ಬಂದ ಹೆಂಗಸರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ನಮ್ಮ ಕಡೆ ಗೊಣಬೆ ಎನ್ನುವುದನ್ನು ಅಲ್ಲಿ ಬಣವೆ ಎನ್ನುತ್ತಿದ್ದರು. ಹುಲ್ಲು ಅದೇ, ಒಟ್ಟುವ ರೀತಿ ಅದೇ, ಹೆಸರು ಮಾತ್ರ ಬೇರೆ. ಆ ಮನೆಯ ಹಿತ್ತಿಲಲ್ಲಿದ್ದ ಬಣವೆ ಊರಿನಲ್ಲೇ ದೊಡ್ಡದು. ಸಂಜೆ ಬಿಸಿಲು ಬಿದ್ದಾಗ ಅದು ಒಳಗಿನಿಂದ ಬೆಳಗುತ್ತಿದೆ ಎನ್ನಿಸುತ್ತಿತ್ತು. ಹೊಸ ಊರಿನಲ್ಲಿ ನನಗೆ ಮೊದಲು ಇಷ್ಟವಾದದ್ದು ಅದೇ. ಕೆಲಸ ಮುಗಿಸಿ ಅದಕ್ಕೆ ಬೆನ್ನು ಕೊಟ್ಟು ಕೂತರೆ ತವರಿನ ವಾಸನೆ ಬರುತ್ತಿತ್ತು.

ಹಿತ್ತಿಲಿನ ಆಚೆ ಒಂದು ಮುಳ್ಳಿನ ಬೇಲಿ, ಬೇಲಿಯ ಆಚೆ ಇನ್ನೊಂದು ಮನೆ. ಗಂಡ ಹೆಂಡತಿ ಇಬ್ಬರೇ. ಒಬ್ಬಳೇ ಮಗಳನ್ನು ದೂರಕ್ಕೆ ಕೊಟ್ಟಿದ್ದರು. ಆತ ಮಾವನಿಗಿಂತ ತುಸು ಚಿಕ್ಕವರು. ಆ ಮನೆಯವರ ಜೊತೆ ನಮ್ಮ ಮನೆಯವರಿಗೆ ಮಾತಿಲ್ಲ ಎಂದು ನಾನು ಬಂದ ವಾರದಲ್ಲೇ ಅತ್ತೆ ತಿಳಿಸಿದ್ದರು. ಹಿಂದೆ ನಮ್ಮ ಗಾಡಿ ಅವರ ಹಿತ್ತಿಲ ಅಂಚಿನಿಂದಲೇ ಕಣಕ್ಕೆ ಹೋಗುತ್ತಿತ್ತಂತೆ. ಒಂದು ವರ್ಷ ಅವರು ಅಲ್ಲಿ ಬೇಲಿ ಹಾಕಿದರು. ಪಂಚಾಯ್ತಿ ಕೂತಿತು, ಎರಡೂ ಕಡೆ ಬಾಯಿಗೆ ಬರಬಾರದ್ದು ಬಂತು, ಅಲ್ಲಿಂದ ಮುಂದೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಬೇಲಿಯಲ್ಲಿ ಒಂದು ಗಾಡಿ ಹಿಡಿಸುವಷ್ಟು ಜಾಗಕ್ಕೆ ಮಾತ್ರ ಮುಳ್ಳು ಕಟ್ಟಿರಲಿಲ್ಲ. ಎರಡು ಬಿದಿರಿನ ಗಳ ಅಡ್ಡ ಹಾಕಿ ಬಿಟ್ಟಿದ್ದರು. ಅದನ್ನು ಪೂರ್ತಿ ಮುಚ್ಚಲು ಅವರಿಗೆ ಯಾಕೆ ಮನಸ್ಸಾಗಿರಲಿಲ್ಲವೋ ಯಾರೂ ಕೇಳಿರಲಿಲ್ಲ.

ಶಿವರಾತ್ರಿ ಕಳೆದಿತ್ತು. ಬಿಸಿಲು ನೆಟ್ಟಗೆ ಬೀಳುವ ಹೊತ್ತು. ನಮ್ಮ ಮನೆಯ ಗಂಡಸರು ಹೊಲದ ಕಡೆ ಹೋಗಿದ್ದರು, ಅತ್ತೆ ಒಳಗೆ ಮಲಗಿದ್ದರು. ನಾನು ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಯಿತು. ತಲೆ ಎತ್ತಿದರೆ ಬಣವೆಯ ಮೇಲಿನ ಆಕಾಶ ನಡುಗುತ್ತಿತ್ತು, ನೀರಿನ ತಳದಲ್ಲಿ ನೋಡಿದ ಹಾಗೆ. ಹೊಗೆ ಕೂಡ ಇರಲಿಲ್ಲ. ಅದು ಎಷ್ಟು ಚೆಂದ ಕಂಡಿತೆಂದರೆ ನಾನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಆಮೇಲೆ ಕೆಳಗಿನಿಂದ ಉರಿ ಎದ್ದಿತು.

ನಾನು ಕೂಗಿದೆ. ಯಾರ ಹೆಸರು ಹಿಡಿದು ಕೂಗಬೇಕು ಎಂದು ಗೊತ್ತಿರಲಿಲ್ಲ. ಊರಲ್ಲಿ ನನಗೆ ಯಾರ ಹೆಸರೂ ನೆಟ್ಟಗೆ ತಿಳಿದಿರಲಿಲ್ಲ. ‘ಬನ್ನಿ’ ಎಂದಷ್ಟೇ ಕೂಗಿದೆ. ಮೊದಲು ಓಗೊಟ್ಟದ್ದು ಬೇಲಿಯ ಆಚೆಯ ಹೆಂಗಸು. ಅಡುಗೆಮನೆಯಿಂದ ಓಡಿ ಬಂದವರು ಒಮ್ಮೆ ನೋಡಿ, ತಿರುಗಿ ಗಂಡನನ್ನು ಕರೆದರು. ಆತ ಊಟದ ಕೈಯಲ್ಲೇ ಹೊರಗೆ ಬಂದರು. ಗೋಣಿಚೀಲವನ್ನು ದನ ನೀರು ಕುಡಿಯುವ ಬಾನಿಯಲ್ಲಿ ಅದ್ದಿ ತಮ್ಮ ಮನೆಯ ಮೇಲೆ ಹತ್ತಿದರು. ಅವರದು ಹುಲ್ಲಿನ ಹೊದಿಕೆ. ಅಷ್ಟು ಹೊತ್ತಿಗೆ ಊರೆಲ್ಲ ಬಂದಿತ್ತು. ಕೆರೆಯಿಂದ ನಮ್ಮ ಹಿತ್ತಿಲವರೆಗೆ ಸಾಲು ನಿಂತು ಕೊಡ ದಾಟಿಸಿದರು. ಎಮ್ಮೆ ಎತ್ತುಗಳನ್ನು ಯಾರೋ ಬಿಚ್ಚಿ ಓಡಿಸಿದರು. ಕೊಟ್ಟಿಗೆ ಉಳಿಯಿತು, ಮನೆ ಉಳಿಯಿತು, ಬಣವೆ ಮಾತ್ರ ಹೋಯಿತು. ಸಂಜೆಯವರೆಗೂ ಕರಿ ಗರಿಗಳಂತೆ ಬೂದಿ ಊರಿನ ಮೇಲೆ ತೇಲುತ್ತಿತ್ತು, ಕೆರೆಯ ನೀರಿಗೆ ಇಳಿಯುತ್ತಿತ್ತು. ಆಕಾಶದಲ್ಲಿ ಗುಡವಿಯ ಕಡೆ ಹೋಗುವ ಬೆಳ್ಳಕ್ಕಿಗಳು, ಅವುಗಳ ಕೆಳಗೆ ಕರಿ ಗರಿಗಳು. ಆ ದಿನವನ್ನು ನೆನೆದರೆ ಉರಿಗಿಂತ ಅದೇ ಮೊದಲು ಕಣ್ಣಿಗೆ ಬರುತ್ತದೆ.

ಮಾವ ಹೊಲದಿಂದ ಓಡಿ ಬಂದಾಗ ಬೆಂಕಿ ಅರ್ಧ ಆರಿತ್ತು. ಅವರು ನೋಡಿದ್ದು ಎರಡನ್ನು: ಕುಸಿದು ಬಿದ್ದ ಬಣವೆ, ಮತ್ತು ಬೇಲಿಯಾಚೆ ಮನೆಯ ಮೇಲೆ ಒದ್ದೆ ಗೋಣಿ ಹಿಡಿದು ನಿಂತ ಆ ಮನುಷ್ಯ. ಊರಿನ ಗಂಡಸರೆಲ್ಲ ಕೊಡ ಹಿಡಿದಿದ್ದಾಗ ಆತನೊಬ್ಬ ತನ್ನ ಮನೆಯ ಮೇಲೆ ನಿಂತಿದ್ದಾನೆ.

ರಾತ್ರಿ ಊಟಕ್ಕೆ ಕೂತಾಗ ಮಾವ ತಟ್ಟೆ ಮುಟ್ಟದೆ ಒಂದೇ ಮಾತು ಹೇಳಿದರು. “ಗೋಣಿ ನೆನಸ್ಕೊಂಡು ಮೊದ್ಲೇ ಮ್ಯಾಲೆ ಹತ್ತಿ ನಿಂತಾನ. ಬೆಂಕಿ ಬೀಳ್ತೈತಿ ಅಂತ ಅವ್ನಿಗೆ ಹೆಂಗ ಗೊತ್ತಾತು?”

ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ನಾನು ಕೂಗಿದ ಮೇಲೇ ಆತ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಹೊಸದಾಗಿ ಬಂದ ಸೊಸೆ ಮಾವನ ಎದುರು ತಾನಾಗಿ ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಮರುದಿನ ಅತ್ತೆಗೆ ಹೇಳಿದೆ. ಅವರು, ಸಿಟ್ಟು ಇಳಿಯಲಿ, ಈಗ ಹೇಳಿದರೆ ನಿನ್ನ ಮಾತನ್ನೂ ಬೆಂಕಿಗೇ ಹಾಕುತ್ತಾರೆ ಎಂದರು. ಅವರ ಮಾತಿನಲ್ಲಿ ಭಯಕ್ಕಿಂತ ಅನುಭವ ಹೆಚ್ಚಿತ್ತು. ನಾನು ಕಾದೆ.

ಮೂರನೆಯ ದಿನದಿಂದ ಊರಿನವರು ಹುಲ್ಲು ತರತೊಡಗಿದರು. ಬಣವೆ ಸುಟ್ಟ ಮನೆಗೆ ಮನೆಗೊಂದು ಹೊರೆ ಹಾಕುವುದು ಅಲ್ಲಿಯ ನಡವಳಿಕೆ. ನಮ್ಮ ಕಡೆಯೂ ಹಾಗೆಯೇ. ಕರೆದು ಹೇಳುವುದಿಲ್ಲ, ಯಾರೂ ಇಷ್ಟೇ ತರಬೇಕೆಂದು ಗೊತ್ತು ಮಾಡುವುದಿಲ್ಲ. ಬೆಳಗಿನ ಮಂಜು ಇನ್ನೂ ಹರಿಯದ ಹೊತ್ತಿಗೆ ಬೀದಿಯ ತುದಿಯಿಂದ ಹುಲ್ಲಿನ ಹೊರೆಗಳು ತಾವೇ ನಡೆದು ಬಂದಂತೆ ಬರುತ್ತಿದ್ದವು. ಕೆಳಗೆ ಕಾಲು ಮಾತ್ರ ಕಾಣುತ್ತಿದ್ದವು. ಯಾವ ಕಾಲು ಯಾರದು ಎಂದು ನನಗೆ ತಿಳಿಯುತ್ತಿರಲಿಲ್ಲ. ಹೊರೆ ಇಳಿಸಿದ ಮೇಲೆ ಅದರಡಿಯಿಂದ ಒಂದು ಮುಖ ಹೊರಬರುತ್ತಿತ್ತು. ನನ್ನ ‘ಎಂತ’ವನ್ನು ಆಡಿಕೊಂಡು ನಕ್ಕಿದ್ದ ಹೆಂಗಸರ ಮುಖಗಳೂ ಅವುಗಳಲ್ಲಿದ್ದವು. ಊರಿನ ಜನರನ್ನು ನಾನು ಗುರುತು ಹಿಡಿಯಲು ಕಲಿತದ್ದು ಹಾಗೆ, ಹುಲ್ಲಿನಡಿಯಿಂದ ಒಬ್ಬೊಬ್ಬರಾಗಿ ಹೊರಬಂದಾಗ.

ಆದರೆ ಮಾವ ಆ ದಿನಗಳಲ್ಲಿ ಹೊರಗೆ ಬರುತ್ತಿರಲಿಲ್ಲ. ಅವರು ಊರಿಗೆ ಕೊಟ್ಟು ಗೊತ್ತಿದ್ದವರು. ಯಾರ ಮನೆಯಲ್ಲಿ ಬೀಜದ ಭತ್ತ ಕಡಿಮೆ ಬಿದ್ದರೂ ಮಾವನ ಕಣಜಕ್ಕೆ ಬರುತ್ತಿದ್ದರು. ಈಗ ಅವರೆಲ್ಲ ತಲೆಯ ಮೇಲೆ ಹೊರೆ ಹೊತ್ತು ತಮ್ಮ ಅಂಗಳಕ್ಕೆ ಬರುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಬಂದವರನ್ನು ಮಾತಾಡಿಸುವುದು, ಕುಡಿಯಲು ಮಜ್ಜಿಗೆ ಕೊಡುವುದು ಎಲ್ಲ ಅತ್ತೆಯದೇ.

ಎಲ್ಲರೂ ತಂದಾದ ಮೇಲೆ ಒಂದು ಮಧ್ಯಾಹ್ನ ಹಿತ್ತಿಲ ಕಡೆಯಿಂದ ಗಾಡಿಯ ಸದ್ದು ಕೇಳಿಸಿತು. ಬೇಲಿಯ ಗಳಗಳನ್ನು ಸರಿಸಿ ಆ ಮನೆಯಾತ ತುಂಬಿದ ಗಾಡಿಯನ್ನು ಹೊಡೆದುಕೊಂಡು ಬರುತ್ತಿದ್ದರು. ಹೊರೆಯಲ್ಲ, ಗಾಡಿಯ ತುಂಬ ಹುಲ್ಲು. ಹಿಂದೆ ಹೆಂಡತಿ ಹಗ್ಗ ಹಿಡಿದು ನಡೆಯುತ್ತಿದ್ದರು. ಆ ಸದ್ದಿಗೆ ಮಾವ ಒಳಗಿನಿಂದ ಎದ್ದು ಬಂದರು. ಅಷ್ಟು ದಿನಗಳಲ್ಲಿ ಅವರು ಹೊರಗೆ ಬಂದದ್ದು ಅದೇ ಮೊದಲು.

“ಅದನ್ನ ವಾಪಸ್ ಹೊಡ್ಕೊಂಡು ಹೋಗು” ಎಂದರು.

ಆತ ಗಾಡಿ ನಿಲ್ಲಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. “ಕೊಡ್ಬೇಕು ಅಂತ ಮನಿಯಿಂದ ಹೊರಗ ತಂದಾತು” ಎಂದರು. “ಅದನ್ನ ತಿರುಗಿ ಒಳಗ ಒಯ್ಯಾಕ ಬರಂಗಿಲ್ಲ.”

ಮಾವ ಬೆನ್ನು ತಿರುಗಿಸಿ ಒಳಗೆ ಹೋದರು. ಗಂಡ ಹೆಂಡತಿ ಇಬ್ಬರೂ ಅಲ್ಲೇ, ಬೇಲಿಯ ಬಾಯಲ್ಲಿ, ಹುಲ್ಲನ್ನು ಇಳಿಸಿ ಒಟ್ಟಿದರು. ಅವಸರ ಮಾಡಲಿಲ್ಲ. ತಮ್ಮ ಸ್ವಂತದ್ದಕ್ಕೆ ಒಟ್ಟುವಷ್ಟೇ ನೇರವಾಗಿ ಒಟ್ಟಿ, ಮೇಲೆ ಮಳೆ ಜಾರುವಂತೆ ತಲೆ ಕಟ್ಟಿ, ಖಾಲಿ ಗಾಡಿ ಹೊಡೆದುಕೊಂಡು ಹೋದರು. ಅಲ್ಲಿಂದ ಮುಂದೆ ಆ ಹುಲ್ಲು ಅಲ್ಲೇ ನಿಂತಿತು. ಅವರು ಕೊಟ್ಟಾಗಿತ್ತು, ಆದ್ದರಿಂದ ಅವರದಲ್ಲ. ನಾವು ಇಸಿದುಕೊಂಡಿರಲಿಲ್ಲ, ಆದ್ದರಿಂದ ನಮ್ಮದಲ್ಲ. ಬೇಲಿ ಎಲ್ಲಿ ನಿಂತಿತ್ತೋ ಅಲ್ಲಿ, ಎರಡು ಮನೆಯ ನಡುವೆ, ಯಾರದೂ ಅಲ್ಲದ ಒಂದು ಗುಡ್ಡ.

ಆ ಬೇಸಗೆಯ ದಿನಗಳು ನನ್ನ ನೆನಪಿನಲ್ಲಿ ಒಂದಕ್ಕೊಂದು ಕರಗಿಹೋಗಿವೆ. ಬೆಳಿಗ್ಗೆ ಆ ಹುಲ್ಲಿನ ನೆರಳು ನಮ್ಮ ಹಿತ್ತಿಲಿಗೆ ಬೀಳುತ್ತಿತ್ತು, ಸಂಜೆ ಅವರ ಹಿತ್ತಿಲಿಗೆ. ಗುಬ್ಬಿಗಳು ಎಸಳು ಎಸಳಾಗಿ ಎಳೆದು ಎರಡೂ ಮನೆಯ ಸೂರಿಗೆ ಒಯ್ಯುತ್ತಿದ್ದವು. ಒಂದು ಬೂದುಬಣ್ಣದ ಬೆಕ್ಕು ಬಂದು ಅದರೊಳಗೆ ಮರಿ ಹಾಕಿತು. ಅದು ನಮ್ಮದೂ ಅಲ್ಲ, ಅವರದೂ ಅಲ್ಲ, ಊರಿನ ಬೆಕ್ಕು. ನಾನು ಒಂದು ತೆಂಗಿನ ಕರಟದಲ್ಲಿ ಹಾಲು ಇಟ್ಟುಬಂದೆ. ಮರುದಿನ ನೋಡಿದರೆ ಪಕ್ಕದಲ್ಲಿ ಇನ್ನೊಂದು ಕರಟ ಇತ್ತು.

ಹೀಗೆ ಆ ಹೆಂಗಸಿಗೂ ನನಗೂ ಮಾತು ಶುರುವಾಯಿತು. ಹುಲ್ಲಿನ ಆ ಬದಿಯಲ್ಲಿ ಅವರು ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು, ಈ ಬದಿಯಲ್ಲಿ ನಾನು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹುಲ್ಲೇ ಮಾತಾಡುತ್ತಿದೆಯೇನೋ ಎನ್ನಿಸುತ್ತಿತ್ತು. ನನ್ನ ತವರಿನ ಬಗ್ಗೆ ಕೇಳುತ್ತಿದ್ದರು, ಮಗಳ ಬಗ್ಗೆ ಹೇಳುತ್ತಿದ್ದರು. ಬೆಂಕಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ಸಲ ಮಾತ್ರ ನಾನು ತಡೆಯಲಾರದೆ, ಇಷ್ಟು ಹುಲ್ಲು ಕೊಟ್ಟರೆ ನಿಮ್ಮ ಎತ್ತಿಗೆ ಎಂತ ಹಾಕ್ತೀರಿ ಎಂದು ಕೇಳಿದೆ. ಅವರು ನನ್ನ ಮಾತಿಗೆ ನಗಲಿಲ್ಲ. ಗಂಡ ದಿನಾ ಅತ್ತಿಮರ ಹತ್ತಿ ಸೊಪ್ಪು ಕಡಿದು ತರುತ್ತಾರೆ, ಹೇಗೋ ಮುಂಗಾರಿನವರೆಗೆ ತಳ್ಳಬಹುದು ಎಂದರು. ಅದನ್ನು ಕೇಳಿದ ಮೇಲೆ ನಾನು ಅವರ ಎತ್ತುಗಳನ್ನು ಗಮನಿಸತೊಡಗಿದೆ. ಪಕ್ಕೆಲುಬು ಎದ್ದಿದ್ದವು. ಅವರು ಕೊಟ್ಟದ್ದು ಮಿಕ್ಕಿದ್ದರಲ್ಲಿ ಅಲ್ಲ.

ಯುಗಾದಿಗೆ ಅಪ್ಪ ಬಂದು ತವರಿಗೆ ಕರೆದುಕೊಂಡು ಹೋದರು. ಗಾಡಿ ಸೊರಬ ದಾಟಿ ಬೆಟ್ಟ ಮತ್ತೆ ಕಂಡಾಗ ಕಣ್ಣು ತುಂಬಿತು. ಆದರೆ ಮನೆಯಲ್ಲಿ ಕೂತರೂ ನನ್ನ ಮನಸ್ಸು ಆ ಹುಲ್ಲಿನ ಹತ್ತಿರವೇ ಹೋಗುತ್ತಿತ್ತು. ಅವ್ವನ ಜೊತೆ ಹಿಟ್ಟು ಬೀಸುತ್ತ ಎಲ್ಲವನ್ನೂ ಹೇಳಿದೆ. ನಮ್ಮ ತವರಿನಲ್ಲಿ ನಾಟಿ, ಕುಯ್ಲು ಎಲ್ಲ ಮುಯ್ಯಾಳಿನಲ್ಲೇ ನಡೆಯುತ್ತಿತ್ತು. ಇವತ್ತು ನಮ್ಮ ಗದ್ದೆಗೆ ಅವರು ಬಂದರೆ ನಾಳೆ ಅವರ ಗದ್ದೆಗೆ ನಾವು. ಅವ್ವ ಅಂಥ ಕೊಡುಕೊಳ್ಳುವಿಕೆಯಲ್ಲೇ ಕೈ ಪಳಗಿದವಳು. ಬೀಸುಕಲ್ಲಿನ ಗೂಟ ಬಿಡದೆ ಕೇಳಿಸಿಕೊಂಡಳು.

ನಮ್ಮ ಮಾವ ಕೆಟ್ಟವರಲ್ಲ, ಎಷ್ಟೊಂದು ಜನಕ್ಕೆ ಕೊಟ್ಟವರು, ಅವರಿಗೇ ಯಾಕೆ ಹೀಗೆ ಎಂದೆ.

“ಕೊಡೋದು ಸುಲಭ ಮಗಾ” ಎಂದಳು ಅವ್ವ. “ಕೊಡೋವಾಗ ನಮ್ಮ ಕೈ ಮೇಲಿರ್ತದೆ. ಇಸ್ಕಳೋದೇ ಕಷ್ಟ. ಇನ್ನೊಬ್ರ ಹತ್ರ ಇಸ್ಕಂಡ್ರೆ ಅವ್ರಿಗೆ ನಮ್ಮ ಮನೆ ಬಾಗ್ಲು ತೆಗೆದಂಗೆ.”

ಮತ್ತೆ ಸ್ವಲ್ಪ ಹೊತ್ತು ಬೀಸಿ, ನೀನು ಕಂಡದ್ದನ್ನು ಹೇಳಿಬಿಡು ಎಂದಳು. ಹೇಳಿದ ಮೇಲೆ ಅವರು ಬದಲಾಗುತ್ತಾರೆ ಎಂದು ಕಾಯಬೇಡ, ಸುಮ್ಮನೆ ಹೇಳು. ನಿನ್ನ ಹೊಟ್ಟೆಯಲ್ಲಿ ಅದು ಕೂತರೆ ಆ ಮನೆಯಲ್ಲಿ ನಿನಗೆ ನೆಮ್ಮದಿ ಇರುವುದಿಲ್ಲ.

ಹಿಂದಿರುಗಿ ಬಂದು ಒಂದೆರಡು ದಿನಕ್ಕೆ ಅವಕಾಶ ಸಿಕ್ಕಿತು. ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ನೀರು ತಂದಿಟ್ಟು ಹೋಗದೆ ನಿಂತೆ. ಅವರು ತಲೆ ಎತ್ತಿದರು.

“ಮಾವ, ಬೆಂಕಿ ಮೊದ್ಲು ನೋಡಿದ್ದು ನಾನು” ಎಂದೆ. “ನಾ ಕೂಗಿದ ಮೇಲೇ ಅವ್ರು ಹೊರಗೆ ಬಂದಿದ್ದು. ಊಟದ ಕೈ ತೊಳೆದಿರ್ಲಿಲ್ಲ.”

ಅವರ ಕೈ ಹಗ್ಗದ ಮೇಲೆ ನಿಂತಿತು.

“ಇಷ್ಟು ದಿನ ಯಾಕ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ನಾನು ಹೇಳಿದ್ದು ಹೆಚ್ಚಾಯಿತೇನೋ ಎಂದು ಹೆದರಿದೆ. ಆದರೆ ಅವರು ಗದರಲಿಲ್ಲ. ಹಗ್ಗವನ್ನು ಮತ್ತೆ ಹೊಸೆಯತೊಡಗಿದರು, ಬಹಳ ನಿಧಾನವಾಗಿ. ಅಂದಿನಿಂದ ಅವರು ಬೆಂಕಿಯ ಮಾತು ಎತ್ತಿದ್ದನ್ನು ನಾನು ಕೇಳಲಿಲ್ಲ. ಆದರೆ ಹುಲ್ಲನ್ನು ಮುಟ್ಟಲೂ ಇಲ್ಲ. ಮೊದಲು ಸಿಟ್ಟಿನಿಂದ ಮುಟ್ಟಿರಲಿಲ್ಲ. ಈಗ ಬೇರೆ ಏನೋ ತಡೆಯುತ್ತಿತ್ತು. ಯಾರ ಮೇಲೆ ಸುಳ್ಳು ಅನುಮಾನ ಪಟ್ಟಿದ್ದರೋ ಅವರದೇ ಹುಲ್ಲನ್ನು ತಮ್ಮ ಎತ್ತಿನ ಮುಂದೆ ಹಾಕುವುದು ಅವರಿಗೆ ಇನ್ನೂ ಕಷ್ಟವಾಗಿರಬೇಕು. ಹಿತ್ತಿಲಿಗೆ ಹೋದಾಗ ಅವರು ಆ ಕಡೆ ನೋಡುತ್ತಿರಲಿಲ್ಲ ಎಂದುಕೊಂಡಿದ್ದೆ. ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು.

ವೈಶಾಖದ ಹೊತ್ತಿಗೆ ಊರಿನವರು ಕೊಟ್ಟ ಹುಲ್ಲು ಮುಗಿಯುತ್ತ ಬಂತು. ಇವರು ಅಕ್ಕಪಕ್ಕದ ಊರುಗಳಿಗೆ ಹೋಗಿ ಕೇಳಿ ಬಂದರು. ಆ ವರ್ಷ ಯಾರಲ್ಲೂ ಮಾರುವಷ್ಟು ಇರಲಿಲ್ಲ. ಎಮ್ಮೆ ಹಾಲು ಕಡಿಮೆ ಮಾಡಿತು. ಎತ್ತುಗಳು ಗೋದಲೆಯ ಕಟ್ಟೆಯನ್ನು ನೆಕ್ಕುತ್ತಿದ್ದವು. ಕೊಟ್ಟಿಗೆಯಿಂದ ಆ ಹುಲ್ಲು ಕಾಣುತ್ತಿತ್ತು, ಗಾಳಿ ಈ ಕಡೆ ಬೀಸಿದರೆ ಅದರ ವಾಸನೆ ಬಂದು ಅವು ಮೂಗು ಅರಳಿಸಿ ಆ ಕಡೆ ತಿರುಗುತ್ತಿದ್ದವು. ಇವರು ಒಂದೆರಡು ಸಲ ತಂದೆಯ ಹತ್ತಿರ ಆ ಮಾತು ತೆಗೆದರು. ಮಾವ ಎದ್ದು ಹೋದರು.

ಆಮೇಲೆ ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಎದ್ದಿತು. ಬೆಳಗಿನಿಂದ ಎಲೆ ಅಲ್ಲಾಡಿರಲಿಲ್ಲ. ಬಿಸಿಲು ಹಳದಿಯಾಯಿತು, ಅಂಗಳ, ಗೋಡೆ, ನನ್ನ ಕೈ ಎಲ್ಲ ಅರಿಸಿನ ಹಚ್ಚಿದಂತಾದವು. ದೂರದಿಂದ ಮಣ್ಣಿನ ವಾಸನೆ ಬಂತು. ಕೆರೆಯ ನೀರು ಕಪ್ಪಾಗಿತ್ತು, ಅದರ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ನನಗೆ ಮೊದಲು ನೆನಪಾದದ್ದು ಬೆಕ್ಕಿನ ಮರಿಗಳು. ಓಡಿ ಹೋಗಿ ನೋಡಿದರೆ ತಾಯಿ ಅವುಗಳನ್ನು ಎಲ್ಲಿಗೋ ಸಾಗಿಸಿಬಿಟ್ಟಿತ್ತು. ಹುಲ್ಲಿನ ತಲೆ ಮಾತ್ರ ಗಾಳಿಗೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ದಿನ ಗುಬ್ಬಿ ಎಳೆದು, ಬೆಕ್ಕು ತೂರಿ, ಅದು ಸಡಿಲವಾಗಿತ್ತು. ಒಂದು ಮಳೆ ಬಿದ್ದರೆ ನೆನೆದು ಕೊಳೆಯುತ್ತದೆ, ಯಾರ ಎತ್ತಿಗೂ ಸೇರುವುದಿಲ್ಲ.

ನಾನು ಒಂದು ಹೊರೆ ಎಳೆದುಕೊಂಡೆ. ಇದು ಯಾರದು, ಎಲ್ಲಿಗೆ ಒಯ್ಯಬೇಕು ಎಂದು ಯೋಚಿಸಿದ್ದು ನೆನಪಿಲ್ಲ. ಹತ್ತಿರ ಇದ್ದದ್ದು ನಮ್ಮ ಕೊಟ್ಟಿಗೆ. ಅಲ್ಲಿಗೆ ಹಾಕಿ ತಿರುಗಿ ಬರುವಷ್ಟರಲ್ಲಿ ಆ ಹೆಂಗಸು ಆ ಬದಿಯಿಂದ ಹೊರೆ ಎತ್ತುತ್ತಿದ್ದರು. ಅವರೂ ನಮ್ಮ ಕೊಟ್ಟಿಗೆಯ ಕಡೆಗೇ ಬಂದರು. ಇಬ್ಬರೂ ಎದುರುಬದುರಾದಾಗ ನಕ್ಕೆವು. ಅಷ್ಟು ದಿನ ಮಾತಾಡಿದ್ದರೂ ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಗುಡುಗು ಕೇಳಿ ಅವರ ಗಂಡ ಬಂದರು. ಇವರೂ ಎಲ್ಲಿಂದಲೋ ಓಡಿ ಬಂದರು. ಕೊಟ್ಟಿಗೆಯ ನೆಲದಲ್ಲಿ ಹುಲ್ಲು ರಾಶಿ ಬಿತ್ತು. ನೀರು ನುಗ್ಗಿದರೆ ಅದೂ ನೆನೆಯುತ್ತದೆ, ಅಟ್ಟಕ್ಕೆ ಏರಿಸಬೇಕು. ಅಟ್ಟದ ಮೇಲೆ ನಿಂತು ಎಳೆದುಕೊಳ್ಳುವವರು ಬೇಕಿತ್ತು.

ಮಾವ ಯಾವಾಗ ಬಂದು ಏಣಿ ಹತ್ತಿದರೋ ನಾನು ನೋಡಲಿಲ್ಲ. ತಲೆ ಎತ್ತಿದಾಗ ಅವರು ಅಟ್ಟದ ಅಂಚಿನಲ್ಲಿ ಮಂಡಿಯೂರಿ ಎರಡೂ ಕೈ ಕೆಳಗೆ ಚಾಚಿದ್ದರು. ಕೆಳಗೆ ಆ ಮನೆಯಾತ ಒಂದು ಹೊರೆ ತಲೆಯ ಮೇಲೆತ್ತಿ ಹಿಡಿದಿದ್ದರು. ಒಂದು ಗಳಿಗೆ ಇಬ್ಬರೂ ಹಾಗೇ ಇದ್ದರು. ಹೊರಗೆ ಮೊದಲ ದಪ್ಪ ಹನಿಗಳು ಧೂಳಿನಲ್ಲಿ ಬೀಳುವ ಸದ್ದು ಕೇಳುತ್ತಿತ್ತು. ಮಾವ ಹೊರೆಯನ್ನು ಇಸಿದುಕೊಂಡರು. ಹಿಂದೆ ಇಟ್ಟು, ಮತ್ತೆ ಕೈ ಚಾಚಿದರು. ಆಮೇಲೆ ನಿಲ್ಲಲಿಲ್ಲ. ನಾವು ಮೂವರು ಹೊತ್ತು ತರುವುದು, ಆತ ಎತ್ತಿ ಕೊಡುವುದು, ಮಾವ ಇಸಿದುಕೊಳ್ಳುವುದು. ಕತ್ತಲಾದ ಕೊಟ್ಟಿಗೆಯಲ್ಲಿ ಮಿಂಚು ಬಂದಾಗಲೆಲ್ಲ ಆ ಎರಡು ಜೊತೆ ಕೈಗಳು ಕಾಣುತ್ತಿದ್ದವು. ಮಾತೆಂದರೆ ‘ಹಿಡಿ’, ‘ಬಿಡು’, ‘ಇನ್ನೊಂಚೂರು ಈ ಕಡೆ’, ಇಷ್ಟೇ. ವರ್ಷಗಳ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ನೆಟ್ಟಗಿನ ಮಾತುಗಳು ಅವು.

ಕೊನೆಯ ಹೊರೆ ತರುವಾಗ ನಾನು ತೊಯ್ದು ತೊಪ್ಪೆಯಾಗಿದ್ದೆ. ಮಳೆ ಗೋಡೆ ಕಟ್ಟಿದಂತೆ ಸುರಿಯುತ್ತಿತ್ತು. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಅತ್ತೆ ಸೆರಗು ಹೊದ್ದು ಅಡುಗೆಮನೆಯಿಂದ ಬೆಲ್ಲದ ಕಾಫಿ ತಂದರು. ಎಲ್ಲರೂ ಎತ್ತುಗಳ ನಡುವೆ, ಒದ್ದೆ ಹುಲ್ಲಿನ ವಾಸನೆಯಲ್ಲಿ ಕೂತೆವು. ಎತ್ತುಗಳು ಯಾರ ಅಪ್ಪಣೆಯನ್ನೂ ಕಾಯದೆ ಕೆಳಗುಳಿದ ಹುಲ್ಲನ್ನು ಮೇಯುತ್ತಿದ್ದವು. ಆ ಜಗಿಯುವ ಸದ್ದು ಮಳೆಯ ಸದ್ದಿನೊಳಗೆ ಸೇರಿಹೋಗಿತ್ತು.

ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಆತನ ಕಡೆ ನೋಡದೆ ಹೇಳಿದರು. “ಅವತ್ತು ನೀನು ಮನಿ ಮ್ಯಾಲೆ ಹತ್ತಿದ್ದಿ.”

“ಹೂಂ” ಎಂದರು ಆತ. “ಗಾಳಿ ನನ್ನ ಕಡಿಯಿಂದ ನಿನ್ನ ಕಡಿಗೆ ಇತ್ತು. ಉರಿ ಸುಳಿಗೆ ಒಂದು ಕಿಡಿ ಹಿಂದಕ್ಕ ಹಾರಿ ನನ್ನ ಹುಲ್ಲಿನ ಮಾಡು ಹತ್ತಿದ್ರ ನಿನ್ನ ಕೊಟ್ಟಿಗಿ ಉಳೀತಿತ್ತೇನು?”

ಮಾವ ತಲೆಯಾಡಿಸಿದರು. ಗಾಳಿ ಯಾವ ಕಡೆಯಿಂದ ಇತ್ತು ಎಂದು ಅವರು ಯೋಚಿಸಿಯೇ ಇರಲಿಲ್ಲ, ನಾನೂ ಯೋಚಿಸಿರಲಿಲ್ಲ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಆತನೂ ಅದನ್ನು ಕಾಯುತ್ತಿದ್ದಂತೆ ಕಾಣಲಿಲ್ಲ. ಮಳೆ ಸ್ವಲ್ಪ ಸಣ್ಣದಾದಾಗ ಮಾವ ನಿಮ್ಮ ಎತ್ತಿಗೆ ಮೇವು ಎಷ್ಟಿದೆ ಎಂದು ವಿಚಾರಿಸಿದರು. ಸಾಕಾಗುವಷ್ಟಿದೆ ಎಂದರು ಆತ.

“ಇಲ್ಲ. ನಾ ದಿನಾ ನೋಡೀನಿ” ಎಂದರು ಮಾವ. “ಅರ್ಧ ಹುಲ್ಲು ಒಯ್ಯಿ. ಇದು ವಾಪಸ್ ಕೊಡೋದಲ್ಲ. ನೀ ಕೊಟ್ಟಿದ್ದು ನಾ ಇಸ್ಕೊಂಡಾತು. ಈಗ ನಾ ಕೊಡೋದು.”

ಆತ ಆಗಲಿ ಎಂದರು. ಮರುದಿನ ಬಿಸಿಲು ಬಂದ ಮೇಲೆ ಗಾಡಿ ತಂದು ಒಯ್ದರು. ಇವರೇ ಹೋಗಿ ಇಳಿಸಿ ಬಂದರು.

ಆಮೇಲೆ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಲಿ ಅಲ್ಲೇ ಉಳಿಯಿತು. ಮಾವ ಮುಂಗೋಪಿ, ಆತ ಹಟಮಾರಿ. ಒಂದೆರಡು ಸಲ ಮತ್ತೆ ಮಾತು ಬಿಟ್ಟರು, ಮತ್ತೆ ಆಡಿದರು. ಆದರೆ ಆ ಮುಂಗಾರಿನಲ್ಲಿ ಅವರ ಒಂದು ಎತ್ತು ಕುಂಟಾದಾಗ ನಮ್ಮದೊಂದನ್ನು ಅವರ ಉಳಿದ ಎತ್ತಿಗೆ ಜೊತೆ ಕಟ್ಟಿ ಎರಡೂ ಮನೆಯ ಗದ್ದೆ ಉತ್ತರು. ಅವುಗಳ ನಡಿಗೆ ಹೊಂದದೆ ಮೊದಲ ದಿನ ಸಾಲು ಸೊಟ್ಟಗಾಯಿತು. ಬಣವೆಗೆ ಬೆಂಕಿ ಹೇಗೆ ಬಿತ್ತು ಎಂದು ಕೊನೆಗೂ ತಿಳಿಯಲಿಲ್ಲ. ಯಾರೋ ಸೇದಿ ಬಿಸಾಡಿದ ಬೀಡಿಯೋ, ಎಲ್ಲಿಂದಲೋ ಹಾರಿಬಂದ ಕಿಡಿಯೋ. ಕೇಳುವುದನ್ನು ಎಲ್ಲರೂ ಬಿಟ್ಟರು. ಒಬ್ಬರನ್ನೊಬ್ಬರು ನಂಬಿದ ಮೇಲೆ ಜೊತೆಗೆ ದುಡಿಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅಲ್ಲಿ ಆದದ್ದು ಹಿಂದುಮುಂದು. ಮಳೆ ಬಂತು, ಕೈಗಳು ಮೊದಲು ಒಂದಾದವು, ಮನಸ್ಸು ಅವುಗಳ ಹಿಂದೆ ನಿಧಾನವಾಗಿ ನಡೆದು ಬಂತು.

ಎರಡು ಬೇಸಗೆ ಕಳೆದ ಮೇಲೆ ಹತ್ತಿರದ ಇನ್ನೊಂದು ಊರಿನಲ್ಲಿ ಒಬ್ಬರ ಬಣವೆ ಸುಟ್ಟಿತು. ನಮಗೆ ಅವರ ಪರಿಚಯವೂ ಇರಲಿಲ್ಲ. ಮಾವ ಗಾಡಿ ಹೇರಿಸಿ, ಬೇಲಿಯ ಬಾಯಲ್ಲಿ ನಿಂತು ಆತನನ್ನು ಕರೆದರು. ಅವರೂ ತಮ್ಮ ಒಂದಿಷ್ಟು ಹುಲ್ಲನ್ನು ಅದೇ ಗಾಡಿಗೆ ಹಾಕಿದರು. ಮಾವನನ್ನು ಕೂರಿಸಿಕೊಂಡು ಇವರು ಗಾಡಿ ಹೊಡೆದುಕೊಂಡು ಹೋಗಿದ್ದರು. ಅಲ್ಲಿ ನಡೆದದ್ದನ್ನು ಬಂದ ಮೇಲೆ ನನಗೆ ಹೇಳಿದರು. ಆ ಮನೆಯ ಯಜಮಾನ ಒಳಗೇ ಕೂತಿದ್ದನಂತೆ, ಹೊರಗೆ ಬರಲು ಸಂಕೋಚ. ಹೆಂಗಸರು ಹುಲ್ಲು ಇಳಿಸಿ ಎಂದರೂ ಮಾವ ಇಳಿಸಲು ಬಿಡಲಿಲ್ಲ. ಜಗಲಿಯ ಮೇಲೆ ಕೂತು, ಬಿಸಿಲಲ್ಲಿ ಬಂದಿದ್ದೇವೆ, ಯಜಮಾನರ ಕೈಯಿಂದ ಕುಡಿಯಲು ನೀರು ಬೇಕು ಎಂದು ಕೇಳಿದರಂತೆ. ಆತ ತಂಬಿಗೆ ಹಿಡಿದು ಹೊರಗೆ ಬಂದ. ಮಾವ ನೀರು ಕುಡಿದು, ಇನ್ನಷ್ಟು ಕೇಳಿ ಕುಡಿದು, ಹೊಲ ಎಷ್ಟು, ಕೆರೆಯಲ್ಲಿ ನೀರು ಎಷ್ಟು ಎಂದು ಬಹಳ ಹೊತ್ತು ಮಾತಾಡಿದರು. ಆ ಮನುಷ್ಯನ ಮುಖ ಸಡಿಲವಾದ ಮೇಲೆ, ಹಾಗಾದರೆ ಗಾಡಿ ಇಳಿಸೋಣವೇನು ಎಂದು ಅವನನ್ನೇ ಕೇಳಿದರು.